ಉಸ್ತಾದ್ ಫಿಕ್ರಿಯವರ ಎಪ್ಪತ್ತೊಂದು ನಂಬಿಗಸ್ತರು

ತೂತು ಬನಿಯನ್ ತೊಟ್ಟು, ಬಾಯಿ ಬಿಟ್ಟುಕೊಂಡು, ಹೊಟ್ಟೆಯ ಮೇಲೆ ಅರ್ಧ ತಿಂದ ಕಲ್ಲಂಗಡಿ ಹೋಳು ಇಟ್ಟುಕೊಂಡು ಮಧ್ಯಾಹ್ನ ನಿದ್ದೆ ಹೋಗುವುದು ಅಲೆಕ್ಸಾಂಡ್ರಿಯಾದಲ್ಲಿ ಯಾವ ಕಾನೂನಿನ ಪ್ರಕಾರವೂ ಅಪರಾಧವಲ್ಲ. ಆಗಸ್ಟ್ ತಿಂಗಳಲ್ಲಿ ಅರ್ಧ ಊರು ಹಾಗೇ ಮಲಗುತ್ತದೆ. ಆದರೆ ಉಸ್ತಾದ್ ಫಿಕ್ರಿಯವರು ಹಾಗೆ ಮಲಗಿದ್ದನ್ನು ಅವರ ಸ್ವಂತ ಅಕ್ಕ ಬಹಿಯ್ಯಾ ಫೋಟೋ ಹೊಡೆದು, "ನನ್ನ ಮುದ್ದು ತಮ್ಮ, ದೇವರು ಕಾಪಾಡಲಿ" ಎಂದು ಬರೆದು ಫೇಸ್‌ಬುಕ್ಕಿಗೆ ಹಾಕಿಬಿಟ್ಟಳು. ಸಂಜೆಯೊಳಗೆ ಇಡೀ ಬಕೂಸ್ ಬಡಾವಣೆ ಅದನ್ನು ನೋಡಿ ಕೃತಾರ್ಥವಾಯಿತು. ಲೈಕ್ ಒತ್ತಿದವರಲ್ಲಿ ಅವರ ಆಫೀಸಿನ ನಿರ್ದೇಶಕರೂ ಇದ್ದರು.

ಇದು ಸಾಮಾನ್ಯ ಮನುಷ್ಯನಿಗೆ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದ. ಉಸ್ತಾದ್ ಫಿಕ್ರಿಯವರು ಸಾಮಾನ್ಯ ಮನುಷ್ಯರಲ್ಲ, ನೀರು ಸರಬರಾಜು ಕಚೇರಿಯ ದಾಖಲೆ ಕೋಣೆಯ ಮುಖ್ಯ ಗುಮಾಸ್ತರು. ಮೂವತ್ತೊಂದು ವರ್ಷಗಳಿಂದ 'ಗೋಪ್ಯ' ಎಂದು ಕೆಂಪು ಮುದ್ರೆ ಬಿದ್ದ ಕಡತಗಳನ್ನು ಕಾಯುತ್ತಿರುವವರು. ಆ ಕಡತಗಳಲ್ಲಿ ಇರುವುದು ಹಳೆಯ ನಲ್ಲಿ ವಾಷರುಗಳ ಟೆಂಡರು. ಅವನ್ನು ಇವತ್ತಿನವರೆಗೆ ಯಾರೂ ಬಂದು ಕೇಳಿಲ್ಲ. ಯಾರೂ ಕೇಳದ್ದರಿಂದ ಗುಟ್ಟು ಉಳಿದಿದೆ ಎಂಬುದು ಆಫೀಸಿನವರ ಅಭಿಪ್ರಾಯ. ತಾವು ಕಾದದ್ದರಿಂದ ಉಳಿದಿದೆ ಎಂಬುದು ಫಿಕ್ರಿಯವರದು.

"ಊರಿನ ಗುಟ್ಟು ಕಾಯೋ ನನ್ನ ಗುಟ್ಟು ಕಾಯೋರು ಯಾರು?" ಎಂದು ಅವರು ಮರುದಿನ ಪಕ್ಕದ ಮೇಜಿನ ಮಗ್ದಿಯ ಹತ್ತಿರ ಗೋಳಾಡಿಕೊಂಡರು.

ಮಗ್ದಿಗೆ ಜಗತ್ತಿನಲ್ಲಿ ಗೊತ್ತಿಲ್ಲದ ವಿಷಯವೇ ಇಲ್ಲ. "ಅದಕ್ಕೆ ಒಂದು ಆ್ಯಪ್ ಇದೆ ಗುರುವೇ. 'ಕಾವಲುಗಾರ' ಅಂತ. ಯಾವ ವಿಷಯ ಹೊರಗೆ ಬೀಳಬಾರದೋ ಅದನ್ನ ಅದಕ್ಕೆ ಹೇಳಿಟ್ಟುಬಿಡಿ. ಫೇಸ್‌ಬುಕ್ಕು, ಗೀಸ್‌ಬುಕ್ಕು ಎಲ್ಲಾನೂ ಅದು ಹಗಲೂ ರಾತ್ರಿ ಜಾಲಾಡ್ತಾ ಇರುತ್ತೆ. ಎಲ್ಲಾದ್ರೂ ನಿಮ್ಮ ಸುದ್ದಿ ಕಾಣಿಸ್ತೋ, ತಕ್ಷಣ ಕೂಗುತ್ತೆ," ಎಂದ.

ಹೊಟ್ಟೆಗೆ ಹಾಲು ಹುಯ್ದಂತಾಯಿತು ಫಿಕ್ರಿಯವರಿಗೆ. ಏಕೆಂದರೆ ಆ ವಾರ ಮನೆಯಲ್ಲಿ ಬನಿಯನ್ನಿಗಿಂತ ದೊಡ್ಡ ಗುಟ್ಟೊಂದಿತ್ತು.

ಅವರ ಒಬ್ಬಳೇ ಮಗಳು ರಬಾಬ್. ಶಾಲೆಯಲ್ಲಿ ಚಿತ್ರಕಲೆ ಟೀಚರು. ಅವಳನ್ನು ನೋಡಲು ಬರುವ ಶುಕ್ರವಾರ ಇಳಿಹೊತ್ತಿನ ಅಸರ್ ನಮಾಜಾದ ಮೇಲೆ ಕರಮ್ ಎಂಬ ಹುಡುಗನ ಮನೆಯವರು ಬರುವವರಿದ್ದರು. ಮಾತು ಕೂಡಿದರೆ ಅಲ್ಲೇ ಕುರಾನಿನ ಮೊದಲ ಅಧ್ಯಾಯ ಫಾತಿಹಾ ಓದಿ ಸಂಬಂಧ ಗಟ್ಟಿ ಮಾಡುವುದೆಂದು ನಿಶ್ಚಯವಾಗಿತ್ತು.

ಫಿಕ್ರಿಯವರ ಹೆಂಡತಿ ಇನ್ಸಾಫ್ ಈ ವಿಷಯದಲ್ಲಿ ಕಟ್ಟುನಿಟ್ಟು. "ನೋಡ್ರೀ, ಫಾತಿಹಾ ಓದಿ ಕೈ ಮುಖಕ್ಕೆ ಸವರಿಕೊಳ್ಳೋ ತನಕ ಈ ಮಾತು ಈ ಬಾಗಿಲು ದಾಟಕೂಡದು. ಅದರಲ್ಲೂ ನಿಮ್ಮ ಅಕ್ಕನಿಗೆ ಗೊತ್ತಾಗಲೇಬಾರದು. ಆಯಮ್ಮನ ಕಣ್ಣು ಬಿದ್ರೆ ನಿಂತಿರೋ ಟ್ರಾಮು ಹಳಿ ತಪ್ಪುತ್ತೆ. ನನ್ನ ತಂಗಿ ಮಗಳ ಉಂಗುರದ ಫೋಟೋಗೆ 'ಎಷ್ಟು ಚಂದ' ಅಂದಳು ನೋಡಿ, ನಾಲ್ಕೇ ದಿನಕ್ಕೆ ಸಂಬಂಧ ಮುರಿದುಬಿತ್ತು!"

ರಬಾಬಳದು ಒಂದೇ ಬೇಡಿಕೆ. ಐದು ವರ್ಷದವಳಿದ್ದಾಗ ಬಂದ ಜ್ವರ ಅವಳ ಎಡಗಿವಿಯನ್ನು ತೆಗೆದುಕೊಂಡು ಹೋಗಿತ್ತು. ಆ ಕಿವಿ ಕೇಳಿಸುವುದಿಲ್ಲ ಎಂಬುದು ಅಪ್ಪ, ಅಮ್ಮ ಮತ್ತು ಈಗ ಕರಮ್, ಈ ಮೂವರಿಗಲ್ಲದೆ ನೆಂಟರಲ್ಲಿ ಒಬ್ಬರಿಗೂ ತಿಳಿಯದು. ಅಷ್ಟು ಜಾಣತನದಿಂದ ಅವಳು ತಲೆ ತಿರುಗಿಸುತ್ತಿದ್ದಳು, ನಗುತ್ತಿದ್ದಳು, ನಿಭಾಯಿಸುತ್ತಿದ್ದಳು.

"ಅವರಮ್ಮನಿಗೆ ನಾನೇ ಹೇಳ್ತೀನಪ್ಪಾ," ಎಂದಿದ್ದಳು ರಬಾಬ್. "ಕರಮ್ ತಾನು ಹೇಳ್ತೀನಿ ಅಂದ, ಬೇಡ ಅಂದೆ. ಶುಕ್ರವಾರ, ಫಾತಿಹಾಕ್ಕೆ ಮುಂಚೆ, ಅವರ ಪಕ್ಕ ಕೂತು ನನ್ನ ಬಾಯಿಂದಲೇ ಹೇಳಬೇಕು. ಬೇರೆ ಏನಾದ್ರೂ ಆಗಲಿ, ಇದೊಂದನ್ನ ನನಗೆ ಬಿಡಿ."

"ನನ್ನ ತಲೆ ಹೋದ್ರೂ ಈ ಮಾತು ಹೊರಗೆ ಹೋಗಲ್ಲ ಮಗಳೇ," ಎಂದು ಫಿಕ್ರಿಯವರು ಎದೆ ಮುಟ್ಟಿಕೊಂಡು ಹೇಳಿದರು. ಮನಸಾರೆಯೇ ಹೇಳಿದರು. ಈ ಕಥೆಯಲ್ಲಿ ಅವರ ಮನಸ್ಸಿನ ಮೇಲೆ ಯಾರೂ ಅನುಮಾನ ಪಡಬೇಕಾಗಿಲ್ಲ.

ಶನಿವಾರ ಮಧ್ಯಾಹ್ನ ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು, ಕನ್ನಡಕ ಒರೆಸಿಕೊಂಡು, ಅವರು ಕಾವಲುಗಾರನನ್ನು ನೇಮಿಸಿಕೊಂಡರು. "ನಾನು ಏನನ್ನು ಕಾಯಲಿ?" ಎಂದು ಅದು ವಿನಯದಿಂದ ಕೇಳಿತು. ಬೇರೆಯವರಾಗಿದ್ದರೆ ಹೆಸರು, ಫೋನ್ ನಂಬರು ಬರೆದು ಎದ್ದುಬಿಡುತ್ತಿದ್ದರು. ಮೂವತ್ತೊಂದು ವರ್ಷದ ಕಡತದ ಕೈ ಹಾಗೆಲ್ಲ ಬರೆಯುತ್ತದೆಯೇ? ಕ್ರಮಸಂಖ್ಯೆ ಹಾಕಿ, ಒಂದೊಂದಕ್ಕೂ 'ವಿಷಯ' ಎಂದು ಬರೆದು, ಅದರ ಮುಂದೆ 'ಯಾರಿಗೆ ತಿಳಿಯಕೂಡದು' ಎಂದೂ ನಮೂದಿಸಿ, ಹನ್ನೆರಡು ಗುಟ್ಟುಗಳ ಪಟ್ಟಿ ಸಿದ್ಧಪಡಿಸಿದರು. ಯಾರಿಂದ ಬಚ್ಚಿಡಬೇಕೆಂದು ಹೇಳದಿದ್ದರೆ ಪಾಪ ಅದಕ್ಕಾದರೂ ಹೇಗೆ ಗೊತ್ತಾಗಬೇಕು?

"ನಿಮ್ಮ ನಂಬಿಗಸ್ತರನ್ನು ಆರಿಸಿ. ಮೂರರಿಂದ ಐದು ಜನ ಸಾಕು," ಎಂದಿತು ಕಾವಲುಗಾರ.

ಫಿಕ್ರಿಯವರು ಬೆವೆತದ್ದು ಇಲ್ಲಿ. ಮೂರು ಜನ! ಈ ಆ್ಯಪ್ ಮಾಡಿದವನಿಗೆ ಬಂಧು ಬಳಗ ಇಲ್ಲವೇ? ಅವರ ಚಿಕ್ಕಪ್ಪನ ಮಗನೊಬ್ಬ ರಶೀದ್ ಎಂಬ ಪಟ್ಟಣದಲ್ಲಿದ್ದಾನೆ. ಮೂವತ್ತು ವರ್ಷದ ಹಿಂದೆ ಒಂದು ಮಗುವಿನ ಏಳನೇ ದಿನದ ಊಟಕ್ಕೆ ಕರೆಯಲು ಅವನನ್ನು ಮರೆತರು. ಹನ್ನೊಂದು ವರ್ಷ ಅವನು ಮಾತು ಬಿಟ್ಟ. ಅದು ಬರೀ ಊಟ. ಇದು ನಂಬಿಕೆಯ ಪ್ರಶ್ನೆ. 'ಫಿಕ್ರಿ ನಂಬುವವರ ಪಟ್ಟಿಯಲ್ಲಿ ನೀನಿಲ್ಲವಂತೆ' ಎಂದು ನಾಳೆ ಯಾರಾದರೂ ಯಾರಿಗಾದರೂ ಅಂದರೆ ಏನು ಗತಿ? ಇನ್ಸಾಫಳ ಹೆಸರು ಒತ್ತಿದರು. ಅಕ್ಕನನ್ನು ಬಿಡುವುದುಂಟೇ, ಒತ್ತಿದರು. ಅಕ್ಕನನ್ನು ಸೇರಿಸಿ ಭಾವನನ್ನು ಬಿಟ್ಟರೆ? ಕೊನೆಗೆ ಬೇಸತ್ತು ಕುಟುಂಬದ ವಾಟ್ಸಾಪ್ ಗುಂಪನ್ನೇ ಅನಾಮತ್ತಾಗಿ ಎತ್ತಿ ಹಾಕಿದರು. ಅರವತ್ತಮೂರು ಜನ. ಆಮೇಲೆ ಅವರಿಗೆ ನೆನಪಾಯಿತು, ಬೀಗರಾಗುವವರು! ಇಂದಲ್ಲ ನಾಳೆ ಒಂದೇ ಮನೆಯವರು. ಅವರನ್ನು ನಂಬುವುದಿಲ್ಲವೆಂದರೆ ಎಂಥ ಅವಮಾನ! ಕರಮ್‌ನನ್ನೂ ಅವನ ತಾಯಿ, ಹಜ್ ಮುಗಿಸಿ ಬಂದ ಹಾಜಾ ಸನಿಯ್ಯಾರನ್ನೂ ಸೇರಿಸಿ, ಮನುಷ್ಯ ಮರ್ಯಾದೆ ತಿಳಿದವನು ಎಂದು ತಮ್ಮ ಬಗ್ಗೆ ತಾವೇ ಮೆಚ್ಚಿಕೊಂಡರು.

"ವಾರದ ವರದಿಯ ಪ್ರತಿಯನ್ನು ನಂಬಿಗಸ್ತರಿಗೂ ಕಳಿಸಲೇ?" ಎಂಬುದು ಕೊನೆಯ ಪ್ರಶ್ನೆ. ಪ್ರತಿ ಕಳಿಸದೆ ಫಿಕ್ರಿಯವರು ಜನ್ಮದಲ್ಲಿ ಒಂದು ಕಾಗದವನ್ನೂ ಮುಂದಕ್ಕೆ ಬಿಟ್ಟವರಲ್ಲ. 'ಹೌದು' ಎಂದು ಒತ್ತಿ, ಸಮಾಧಾನದಿಂದ ಒಂದು ಕಪ್ ಚಹಾ ಕುಡಿದರು.

ಐದು ನಿಮಿಷಕ್ಕೆ ಎಲ್ಲರ ಫೋನಿಗೂ ಸಂದೇಶ ಹೋಯಿತು: 'ಉಸ್ತಾದ್ ಫಿಕ್ರಿಯವರು ನಿಮ್ಮನ್ನು ತಮ್ಮ ನಂಬಿಗಸ್ತರೆಂದು ಆರಿಸಿಕೊಂಡಿದ್ದಾರೆ.'

ಆಹಾ, ಆಮೇಲಿನ ಐದು ದಿನ! ಜೀವನದಲ್ಲಿ ಅವರಿಗೆ ಅಷ್ಟು ಗೌರವ ಎಂದೂ ಸಿಕ್ಕಿರಲಿಲ್ಲ. ರಶೀದ್ ಪಟ್ಟಣದ ಚಿಕ್ಕಪ್ಪನ ಮಗ ಫೋನಿನಲ್ಲಿ ಗದ್ಗದಿತನಾದ. ಮೇಲಿನ ಮಹಡಿಯ ಅಕ್ಕ ಬಹಿಯ್ಯಾ ಬಸಿಬೂಸ ಎಂಬ ರವೆಯ ಸಿಹಿ ಮಾಡಿಕೊಂಡು ಇಳಿದು ಬಂದು, "ಆ ಬನಿಯನ್ ಫೋಟೋ ಹಾಕಿದ ಮೇಲೂ ನನ್ನ ನಂಬ್ತೀಯಲ್ಲೋ ಫಿಕ್ರಿ, ನಿನ್ನ ಮನಸ್ಸು ಸಮುದ್ರ ಕಣೋ ಸಮುದ್ರ," ಎಂದು ತಮ್ಮನನ್ನು ತಬ್ಬಿ ಅತ್ತಳು. ಇನ್ಸಾಫ್ ಬಸಿಬೂಸದ ತಟ್ಟೆಯನ್ನು ಅನುಮಾನದಿಂದ ನೋಡಿದಳು. "ಏನ್ರೀ ಇದು ನಂಬಿಗಸ್ತರು ಗಿಂಬಿಗಸ್ತರು?" ಎಂದರೆ, "ಗುಟ್ಟು ಕಾಯೋ ಕೆಲಸ, ನಿನಗೆ ಅರ್ಥ ಆಗಲ್ಲ ಬಿಡು," ಎಂದರು.

ಕಟ್ಟಡದ ವಾಚ್‌ಮನ್ ಇದ್ರೀಸ್ ಭಾನುವಾರ ಮೆಟ್ಟಿಲ ಬುಡದಲ್ಲಿ ದಾರಿಗಡ್ಡ ನಿಂತ.

"ಇಪ್ಪತ್ತೆರಡು ವರ್ಷ ಆಯ್ತು ಉಸ್ತಾದ್, ನಿಮ್ಮ ಗ್ಯಾಸ್ ಸಿಲಿಂಡರ್ ಹೊತ್ತಿದೀನಿ. ಕೀಲಿಕೈ ಮರೆತು ಬಂದಾಗೆಲ್ಲ ಕಿಟಕಿ ಹತ್ತಿ ಇಳಿದಿದೀನಿ. ಪಟ್ಟಿಯಲ್ಲಿ ನಾನಿಲ್ಲ. ಇರಲಿ. ಬಡವರನ್ನ ಯಾರು ನಂಬ್ತಾರೆ?"

"ಅಯ್ಯೋ ಇದ್ರೀಸಣ್ಣ, ಮರೆತಿದ್ದು, ಈಗಲೇ ಹಾಕ್ತೀನಿ!"

ಇದ್ರೀಸನನ್ನು ಹಾಕಿದ್ದು ಕ್ಷೌರದವನಿಗೆ ತಿಳಿಯಿತು. ಕತ್ತಿ ಫಿಕ್ರಿಯವರ ಗಂಟಲ ಮೇಲಿದ್ದಾಗಲೇ ಅವನು ಆ ವಿಷಯ ಎತ್ತಿದ್ದರಿಂದ ಅವನನ್ನೂ ಸೇರಿಸಬೇಕಾಯಿತು. ಬೀನ್ಸ್ ಕಾಳು ಬೇಯಿಸಿ ಮಾರುವವನು, ಔಷಧಿ ಅಂಗಡಿಯವನು, ಕೆಳಮನೆಯ ವಿಧವೆ, ಮಗ್ದಿ. ಬುಧವಾರ ನಿರ್ದೇಶಕರೇ ಕರೆದು, "ಏನ್ರೀ ಫಿಕ್ರಿ, ವಾಚ್‌ಮನ್ನನ್ನೂ ನಂಬ್ತೀರಂತೆ, ನಾವು ಮಾತ್ರ ಹೊರಗಿನವರೋ?" ಎಂದು ನಕ್ಕರು. ಸರಕಾರಿ ನಗುವಿನ ಅರ್ಥ ಬಲ್ಲ ಫಿಕ್ರಿಯವರು ನಿಂತಲ್ಲೇ ಅವರನ್ನೂ ಸೇರಿಸಿದರು. ಹೀಗೆ ಎಪ್ಪತ್ತೆರಡಾದದ್ದು, ಅಮೆರಿಕಕ್ಕೆ ಹೋದ ಸೋದರಳಿಯನೊಬ್ಬನ ನಂಬರು ಸತ್ತುಹೋಗಿದ್ದರಿಂದ ಎಪ್ಪತ್ತೊಂದಕ್ಕೆ ನಿಂತಿತು.

ಗುರುವಾರ ಬೆಳಗ್ಗೆ ಹತ್ತಕ್ಕೆ ಕಾವಲುಗಾರನ ಮೊದಲ ವರದಿ ಬಂತು.

'ಸಂತೋಷಪಡಿ! ಉಸ್ತಾದ್ ಫಿಕ್ರಿಯವರ ಈ ಕೆಳಗಿನ ಹನ್ನೆರಡು ಗುಟ್ಟುಗಳು ಸಂಪೂರ್ಣ ಸುರಕ್ಷಿತವಾಗಿವೆ. ಇಡೀ ಜಾಲದಲ್ಲಿ ಇವು ಯಾರಿಗೂ ತಿಳಿದಿಲ್ಲ.' ಅದರ ಕೆಳಗೆ ಕ್ರಮಸಂಖ್ಯೆ ಸಮೇತ, ವಿಷಯ ಸಮೇತ, ಯಾರಿಗೆ ತಿಳಿಯಕೂಡದು ಎಂಬುದರ ಸಮೇತ, ಇಡೀ ಪಟ್ಟಿ.

"ನೋಡಯ್ಯಾ ಮಗ್ದಿ! ಒಂದೂ ಸೋರಿಲ್ಲ!" ಎಂದು ಫಿಕ್ರಿಯವರು ಫೋನನ್ನು ಮೇಲೆತ್ತಿ ಹಿಡಿದರು.

ಮಗ್ದಿ ತನ್ನ ಫೋನು ನೋಡುತ್ತಿದ್ದ. ಅವನ ಮುಖ ಹರಳೆಣ್ಣೆ ಕುಡಿದವನಂತಾಗಿತ್ತು. "ಗುರುವೇ," ಎಂದ ಮೆಲ್ಲಗೆ, "ಇದು ನನಗೂ ಬಂದಿದೆಯಲ್ಲ?"

ಫಿಕ್ರಿಯವರಿಗೆ ಇನ್ನೂ ಹೊಳೆಯಲಿಲ್ಲ. "ಬರದೆ? ನೀನು ನಂಬಿಗಸ್ತ!" ಎಂದರು. ಆ ಮಾತು ಬಾಯಿಂದ ಪೂರ್ತಿ ಹೊರಗೆ ಬರುವಷ್ಟರಲ್ಲಿ ಹೊಳೆಯಿತು. ಕೂತಿದ್ದವರು ಎದ್ದರು, ಎದ್ದವರು ಮತ್ತೆ ಕೂತರು. ಅಷ್ಟರಲ್ಲಿ ಫೋನು ಹೊಡೆದುಕೊಳ್ಳಲು ಶುರುವಾಯಿತು.

"ಆರು," ಎಂದಿತು ಅಕ್ಕನ ಧ್ವನಿ. ಅಷ್ಟೇ. ಇಟ್ಟುಬಿಟ್ಟಳು. ಆರನೆಯ ಗುಟ್ಟು ಹೀಗಿತ್ತು: 'ವಿಷಯ: ಶುಕ್ರವಾರದ ಫಾತಿಹಾ. ಯಾರಿಗೆ ತಿಳಿಯಕೂಡದು: ಅಕ್ಕ ಬಹಿಯ್ಯಾ, ಕಣ್ಣು ಕೆಟ್ಟದು.'

ನಿರ್ದೇಶಕರು ಕರೆಸಿದರು. ಒಂದು ಕೈ ತಲೆಯ ಮೇಲಿಟ್ಟುಕೊಂಡೇ ಕೂತಿದ್ದರು. "ನಾಲ್ಕು," ಎಂದರು. 'ವಿಷಯ: ನಿರ್ದೇಶಕರದು ಟೋಪನ್ ಎಂದು ನನಗೆ ಗೊತ್ತಿರುವುದು. ಯಾರಿಗೆ ತಿಳಿಯಕೂಡದು: ನಿರ್ದೇಶಕರಿಗೆ.'

"ಸಾರ್, ಅದರಲ್ಲಿ ಸ್ಪಷ್ಟವಾಗಿ ಬರೆದಿದೆ ನೋಡಿ, ಯಾರಿಗೂ ತಿಳಿದಿಲ್ಲ ಅಂತ..."

"ಹೊರಗೆ ಹೋಗಿ ಫಿಕ್ರಿ."

ಕಟ್ಟಡದ ಬಾಗಿಲಲ್ಲಿ ಇದ್ರೀಸ್ ಮುಖ ಆಚೆ ತಿರುಗಿಸಿ ಕೂತಿದ್ದ. "ಒಂಬತ್ತು, ಉಸ್ತಾದ್. ಹಬ್ಬದ ದಿನ ಶುಭಾಶಯ ಹೇಳೋಕೆ ನಾನು ಬಂದ್ರೆ ಇನಾಮು ಕೊಡಬೇಕಾಗುತ್ತೆ ಅಂತ ಉಸಿರು ಬಿಗಿಹಿಡಿದು ಸೋಫಾ ಹಿಂದೆ ಕೂತ್ಕೋತೀರಂತೆ. ನಾನು ಪ್ರತಿ ವರ್ಷ ಬಾಗಿಲ ಹೊರಗೆ ನಿಂತು, ಪಾಪ ಊರಲ್ಲಿಲ್ಲ, ದೇವರು ಕ್ಷೇಮವಾಗಿ ತಿರುಗಿ ಕರಕೊಂಡು ಬರಲಿ ಅಂತ ಬೇಡ್ಕೊಂಡು ಹೋಗ್ತಿದ್ದೆ."

ಮನೆಯಲ್ಲಿ ಇನ್ಸಾಫ್ ಸೌಟು ಹಿಡಿದುಕೊಂಡೇ ಕಾಯುತ್ತಿದ್ದಳು. "ಮೂರು! ಐವತ್ತೇಳಾ? ಇಡೀ ಊರಿಗೆ ನಾನು ನಲವತ್ತೊಂಬತ್ತು. ಹುಟ್ಟಿದ ತಾರೀಖು ಬೇರೆ ಹಾಕಿದೀರಿ, ಗುಮಾಸ್ತಿಕೆ ಬುದ್ಧಿ! ಆ ಔಷಧಿ ಅಂಗಡಿಯವನು ಈಗಷ್ಟೇ ಫೋನ್ ಮಾಡಿ, 'ಅಮ್ಮಾ, ಮೂಳೆಗೆ ಒಳ್ಳೇ ಮಾತ್ರೆ ಬಂದಿದೆ' ಅಂದ ರೀ!"

ಮನೆತನದ ಮರ್ಯಾದೆ ಬೀದಿಪಾಲಾಗಿತ್ತು, ನಿಜ. ಆದರೆ ಫಿಕ್ರಿಯವರು ಹೆಂಡತಿಯ ಮಾತು ಕೇಳಿಸಿಕೊಳ್ಳುತ್ತಿರಲಿಲ್ಲ. ಅವರು ಒಳಕೋಣೆಯ ಬಾಗಿಲು ನೋಡುತ್ತಿದ್ದರು. ಬೆಳಗಿನಿಂದ ಎಲ್ಲರೂ ತಂತಮ್ಮ ಸಂಖ್ಯೆ ಹೇಳಿ ಬೈದಿದ್ದರು. ಏಳು ಎಂದು ಮಾತ್ರ ಯಾರೂ ಹೇಳಿರಲಿಲ್ಲ.

'ಏಳು. ವಿಷಯ: ರಬಾಬಳಿಗೆ ಎಡಗಿವಿ ಕೇಳಿಸದು. ಯಾರಿಗೆ ತಿಳಿಯಕೂಡದು: ಹಾಜಾ ಸನಿಯ್ಯಾ. ರಬಾಬ್ ತಾನೇ ಹೇಳುವಳು.'

ರಬಾಬ್ ಶಾಲೆಯಿಂದ ಬಂದು ಮಕ್ಕಳ ಚಿತ್ರಗಳನ್ನು ಹರಡಿಕೊಂಡು ಕೂತಿದ್ದಳು. ಅಪ್ಪ ಬಾಗಿಲಲ್ಲಿ ನಿಂತದ್ದು ನೋಡಿದಳು. "ಊಟ ಮಾಡಿ ಅಪ್ಪಾ, ಆರಿಹೋಗುತ್ತೆ," ಎಂದಳು. ಒಂದು ಬೈಗುಳ ಬಿದ್ದಿದ್ದರೆ ಅವರಿಗೆ ಎಷ್ಟೋ ಹಗುರಾಗುತ್ತಿತ್ತು.

ಸಂಬಂಧ ಮುರಿದೇ ಹೋಯಿತೆಂದು ಗಂಡಹೆಂಡತಿ ಇಬ್ಬರೂ ಕೈಚೆಲ್ಲಿ ಕೂತಿದ್ದರು. ಶುಕ್ರವಾರ ಆದದ್ದು ಬೇರೆ. ಯಾರಿಗೂ ತಿಳಿಯಕೂಡದ ಆ ಫಾತಿಹಾಕ್ಕೆ ನಲವತ್ತು ಜನ ಬಂದರು. ರಶೀದಿನಿಂದ ಬಂದವನು ಒಂದು ಬುಟ್ಟಿ ಮೀನು ತಂದ. ಬಹಿಯ್ಯಾ ಎಲ್ಲರಿಗಿಂತ ಮೊದಲು ಧೂಪದ ಪಾತ್ರೆ ಹಿಡಿದು ಇಳಿದು ಬಂದು, "ಕಣ್ಣು ಕೆಟ್ಟದಂತಲ್ಲಮ್ಮ ನಂದು, ತಗೊಳ್ಳಿ, ನನ್ನ ದೃಷ್ಟಿ ನಾನೇ ತೆಗೀತೀನಿ!" ಎಂದು ಮನೆಯೆಲ್ಲ ಹೊಗೆ ಹಾಕಿದಳು. ಇದ್ರೀಸ್ ಕೂಡ ಇಸ್ತ್ರಿ ಮಾಡಿದ ಗಲಾಬಿಯಾ ನಿಲುವಂಗಿ ತೊಟ್ಟು ಬಂದು, ಸೋಫಾದ ಹಿಂದೆ ಒಮ್ಮೆ ಇಣುಕಿ ನೋಡಿ, ಆಮೇಲೆ ಕುಳಿತ. ನಿರ್ದೇಶಕರು ಬರಲಿಲ್ಲ.

ಹಾಜಾ ಸನಿಯ್ಯಾ ಬಂದರು. ಒಳ್ಳೆಯ ಹೆಂಗಸು. ಇದನ್ನು ಒತ್ತಿ ಹೇಳಬೇಕು, ಅವರಿಗಿಂತ ಒಳ್ಳೆಯ ಬೀಗಿತ್ತಿ ಬಕೂಸಿನಲ್ಲಿ ದೀಪ ಹಚ್ಚಿ ಹುಡುಕಿದರೂ ಸಿಗುತ್ತಿರಲಿಲ್ಲ. ಒಳಗೆ ಬಂದವರೇ ರಬಾಬಳನ್ನು ತಬ್ಬಿ ಮುತ್ತಿಟ್ಟು, ಸುತ್ತಿ ಬಂದು ಅವಳ ಬಲಗಡೆ ಕೂತರು. ಕೂತು, ಸಮುದ್ರದ ಆಚೆ ದಡದವರನ್ನು ಕರೆಯುವಂತೆ ಕೂಗಿದರು:

"ಮಗಳೇ! ಏನೂ! ಯೋಚನೆ! ಮಾಡಬೇಡ! ನಾನು! ಓದಿದೆ! ಅತ್ತುಬಿಟ್ಟೆ!"

"ಕೇಳಿಸುತ್ತೆ ಹಾಜಾ," ಎಂದಳು ರಬಾಬ್ ನಗುತ್ತ.

"ಏನಂದಳು? ಕೇಳಿಸಲ್ಲ ಅಂದಳಾ?" ಎಂದು ಹಿಂದಿನಿಂದ ರಶೀದಿನವನು ವಿಚಾರಿಸಿದ.

"ಕೇಳಿಸುತ್ತೆ ಅಂದಳು ಕಣಯ್ಯಾ! ಬಲಗಡೆಯಿಂದ ಹೇಳು, ಬಲಗಡೆಯಿಂದ!" ಎಂದು ಬಹಿಯ್ಯಾ ನಿರ್ದೇಶನ ಕೊಟ್ಟಳು.

ಅಲ್ಲಿಂದ ಇಡೀ ಮನೆಯೇ ಬಲಗಡೆಗೆ ವಾಲಿತು. ಎಡಗಡೆಯ ಮೂರು ಕುರ್ಚಿ ಖಾಲಿ, ಬಲಗಡೆ ಕೂರಲು ಜಾಗವಿಲ್ಲದೆ ನೆಂಟರು ಒಬ್ಬರ ತೊಡೆಯ ಮೇಲೊಬ್ಬರು. ಕ್ಷೌರದವನು ತನ್ನ ಷಡ್ಡಕನಿಗೆ ಎರಡೂ ಕಿವಿ ಇಲ್ಲವೆಂದೂ ಆದರೂ ಅವನು ಲಾರಿ ಓಡಿಸುತ್ತಾನೆಂದೂ ಧೈರ್ಯ ತುಂಬಿದ. ಕೆಳಮನೆಯ ವಿಧವೆ ಬೆಳ್ಳುಳ್ಳಿ ಎಣ್ಣೆ ಬಿಡಲು ಹೇಳಿದಳು. ಫಾತಿಹಾ ಓದುವಾಗಲೂ ಹಿರಿಯರು ಹುಡುಗಿಯ ಬಲಗಿವಿಗೆ ತಲುಪಲೆಂದು ಗಂಟಲು ಹರಿಯುವಂತೆ ಓದಿದರು. ಎದುರುಮನೆಯವರು ಕಿಟಕಿ ತೆರೆದು ಆಮೀನ್ ಹೇಳಿದರು. ಕರಮ್ ಒಬ್ಬ ತಲೆ ತಗ್ಗಿಸಿ ಕೂತಿದ್ದ. ಅವನು ಮಾತ್ರ ಕೂಗಲಿಲ್ಲ.

ಎಲ್ಲರೂ ಖುಷಿಯಾಗಿದ್ದರು. ಇನ್ಸಾಫ್ ಕೂಡ ತನ್ನ ಐವತ್ತೇಳನ್ನು ಮರೆತು ನಾಲಿಗೆ ಹೊರಳಿಸಿ ಉಲೂಲು ಹಾಕಿದಳು. ರಬಾಬ್ ಎಲ್ಲರಿಗೂ ನಗುನಗುತ್ತಲೇ ಉತ್ತರ ಕೊಟ್ಟಳು. ಫಿಕ್ರಿಯವರಿಗೆ ಅವಳ ಆ ನಗು ನೋಡಲಾಗಲಿಲ್ಲ. ಶರಬತ್ತಿನ ಲೋಟ ತೊಳೆಯುವ ನೆಪ ಮಾಡಿಕೊಂಡು ಅಡುಗೆಮನೆಗೆ ಎದ್ದು ಹೋದರು. ಸ್ವಲ್ಪ ಹೊತ್ತಿಗೆ ಖಾಲಿ ತಟ್ಟೆ ಹಿಡಿದು ಅವಳೂ ಬಂದಳು.

"ಒಳ್ಳೇ ಜನ ಕಣಮ್ಮಾ," ಎಂದರು ಫಿಕ್ರಿಯವರು, ನಲ್ಲಿಯ ಕಡೆ ನೋಡುತ್ತ.

"ತುಂಬಾ ಒಳ್ಳೆಯವರು ಅಪ್ಪಾ."

"ಒಂದು ಮಾತೂ ಬೇಸರದಿಂದ ಆಡಲಿಲ್ಲ."

"ಹೌದು."

ಫಿಕ್ರಿಯವರು ತೊಳೆದ ಲೋಟವನ್ನೇ ಮತ್ತೆ ತೊಳೆದರು. "ನೀನು... ಏನು ಹೇಳಬೇಕು ಅಂತಿದ್ದೆ ಮಗಳೇ? ಅವರಿಗೆ?"

"ಬೇಡ ಬಿಡಿ."

"ಹೇಳು. ನನಗೆ ಹೇಳು."

ಅವಳು ತಟ್ಟೆ ಕೆಳಗಿಟ್ಟಳು. ಸೆರಗಂಚಿಗೆ ಕೈ ಒರೆಸುವವಳಂತೆ ತಲೆವಸ್ತ್ರದ ತುದಿಯಲ್ಲಿ ಬೆರಳು ಒರೆಸಿಕೊಂಡಳು. ಆಮೇಲೆ ಬಾಯಿಪಾಠ ಮಾಡಿದ್ದನ್ನು ಒಪ್ಪಿಸುವಂತೆ, ಮೆಲುದನಿಯಲ್ಲಿ ಹೇಳಿದಳು:

"ಹಾಜಾ, ನನಗೆ ಎಡಗಿವಿ ಕೇಳಿಸಲ್ಲ. ಚಿಕ್ಕವಳಿದ್ದಾಗ ಜ್ವರದಲ್ಲಿ ಹೋಯಿತು. ನಾನು ಯಾರಿಗೂ ಹೇಳಿಲ್ಲ, ನಿಮ್ಮ ಮಗನಿಗೂ ಹೇಳಿರಲಿಲ್ಲ. ಒಂದು ದಿನ ಸಮುದ್ರದ ದಂಡೆಯಲ್ಲಿ ನಡೀತಾ ಇದ್ವಿ. ನನ್ನ ಎಡಗಡೆ ಇದ್ದವನು ಏನೋ ಹೇಳಿದ, ನಾನು ಸುಮ್ಮನೆ ನಕ್ಕೆ. ಅವನು ಏನೂ ಕೇಳಲಿಲ್ಲ. ಮಾತಾಡ್ತಾ ಮಾತಾಡ್ತಾನೇ ಈ ಕಡೆಗೆ ಬಂದುಬಿಟ್ಟ. ಅವತ್ತಿನಿಂದ ಇವತ್ತಿನವರೆಗೆ ಬಲಗಡೆನೇ ನಡೀತಾನೆ. ನನಗೆ ನಾಚಿಕೆ ಆಗೋಕೆ ಅವಕಾಶವನ್ನೇ ಕೊಡಲಿಲ್ಲ. ಇಂಥ ಮಗನನ್ನ ಬೆಳೆಸಿದ ತಾಯಿಯನ್ನ ನೋಡಬೇಕು, ಈ ಮಾತು ಅವರಿಗೇ ಹೇಳಬೇಕು ಅಂತ ನನಗೆ ಎಷ್ಟು ದಿನದಿಂದ ಆಸೆಯಿತ್ತು."

ಹೊರಗೆ ನಲವತ್ತು ಜನ ಒಟ್ಟಿಗೆ ನಗುತ್ತಿದ್ದರು. ಫಿಕ್ರಿಯವರು ನಲ್ಲಿ ನಿಲ್ಲಿಸಿದರು. ಇಂಥ ಮಾತನ್ನು ಯಾವ ತಾಯಿಯಾದರೂ ಸಾಯುವ ತನಕ ಎದೆಯಲ್ಲಿ ಇಟ್ಟುಕೊಳ್ಳುತ್ತಿದ್ದಳು. ಅದರ ಬದಲು ಹಾಜಾ ಸನಿಯ್ಯಾರಿಗೆ ಸಿಕ್ಕಿದ್ದು ನಿರ್ದೇಶಕರ ಟೋಪನ್ನಿಗೂ ಇದ್ರೀಸನ ಹಬ್ಬಕ್ಕೂ ನಡುವೆ ಒಂದು ಕ್ರಮಸಂಖ್ಯೆ.

"ಈಗಲೂ ಹೇಳಬಹುದಲ್ಲಮ್ಮಾ," ಎಂದರು.

"ಈಗ ಹೇಳಿದ್ರೆ ಸಮಜಾಯಿಷಿ ಕೊಟ್ಟಹಾಗೆ ಇರುತ್ತೆ ಅಪ್ಪಾ. ಅವರು ಆಗಲೇ ಕನಿಕರ ಪಟ್ಟಾಯ್ತು."

"ರಬಾಬ್!" ಎಂದು ಹೊರಗಿನಿಂದ ಬಹಿಯ್ಯಾ ಒಂದೊಂದೇ ಮಾತನ್ನು ಬಿಡಿಸಿ ಕೂಗಿದಳು, "ಇನ್ನೂ! ನಾಲ್ಕು! ಲೋಟ! ಬೇಕು!"

"ಬಂದೆ ಅತ್ತೆ," ಎಂದು ರಬಾಬ್ ಲೋಟಗಳನ್ನು ತಟ್ಟೆಯಲ್ಲಿ ಜೋಡಿಸತೊಡಗಿದಳು.

ಫಿಕ್ರಿಯವರು ಒದ್ದೆ ಕೈಯಲ್ಲೇ ಅವಳ ಬಲಗಡೆಗೆ ಬಂದು ನಿಂತರು. ಆ ದಿನ ಆ ಮನೆಯಲ್ಲಿ ಯಾರೂ ಆಡದಷ್ಟು ಮೆಲ್ಲಗೆ, "ತಪ್ಪಾಯ್ತು ಮಗಳೇ," ಎಂದರು.

ಕೇಳಿಸಿತು ಎಂದು ಅವಳು ತಲೆಯಾಡಿಸಿದಳು. ತಟ್ಟೆ ಎತ್ತಿಕೊಂಡು ಹೊರಗೆ ಹೋದಳು. ಪರವಾಗಿಲ್ಲ ಎಂದು ಮಾತ್ರ ಹೇಳಲಿಲ್ಲ.